ಮೂರನೆಯ ಓಟಗಾರ ಯಾರು? ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳು ರನ್ನಿಂಗ್ ಬ್ಯಾಕ್‌ಗಳನ್ನು ಹೊಂದಿಸಿಕೊಳ್ಳುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಡಿಸೆಂಬರ್ ಮತ್ತು ಜನವರಿ ಬಿಡುವಿಲ್ಲದ ತಿಂಗಳುಗಳು. ವರ್ಷದ ಕೊನೆಯ, ಅತ್ಯಂತ ಮಹತ್ವದ ಪಂದ್ಯಗಳು ನಡೆಯುತ್ತಿರುವಾಗಲೇ ಮುಂದಿನ ವರ್ಷದ ತಂಡವನ್ನೂ ಕಟ್ಟಬೇಕಾಗುತ್ತದೆ. ಹೈಸ್ಕೂಲು ಮುಗಿಸುತ್ತಿರುವ ಹುಡುಗರಿಂದ ಸಹಿ ಹಾಕಿಸಿಕೊಳ್ಳಬೇಕು, ಬೇರೆ ವಿಶ್ವವಿದ್ಯಾಲಯಗಳನ್ನು ಬಿಟ್ಟು ಬರುವ ಆಟಗಾರರನ್ನು ಒಲಿಸಿಕೊಳ್ಳಬೇಕು, ತಮ್ಮಲ್ಲಿರುವವರು ಹೊರಟುಹೋಗದಂತೆ ನೋಡಿಕೊಳ್ಳಬೇಕು. ಈ ಮೂರೂ ಕೆಲಸಗಳ ಒತ್ತಡ ಎದ್ದು ಕಾಣುವುದು ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವರ ಸ್ಥಾನದಲ್ಲಿ. ಹೊಸದಾಗಿ ಬರುವ ಹುಡುಗನಿಗೆ ಎಷ್ಟು ನಕ್ಷತ್ರಗಳ ದರ್ಜೆ ಸಿಕ್ಕಿದೆ ಎಂಬಲ್ಲಿಗೇ ಅಭಿಮಾನಿಗಳ ಚರ್ಚೆ ಹೆಚ್ಚಾಗಿ ನಿಂತುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮೊದಲ ಇಬ್ಬರು ಗಾಯಗೊಂಡರೆ ಚೆಂಡು ಹಿಡಿದು ಓಡುವ ಮೂರನೆಯವರು ಯಾರು, ಮತ್ತು ಅವರು ಋತು ಆರಂಭವಾಗುವವರೆಗೆ ತಂಡದಲ್ಲಿ ಉಳಿದಿರುತ್ತಾರೆಯೇ?

ಮಕ್ಕಳನ್ನು ಓದಲು ಅಮೆರಿಕಕ್ಕೆ ಕಳುಹಿಸಿರುವ ಅನೇಕ ಕನ್ನಡಿಗರಿಗೆ ಈ ಆಟದ ಗದ್ದಲ ಪರಿಚಿತವಾದರೂ ಒಳಗಿನ ವ್ಯವಸ್ಥೆ ಪರಿಚಿತವಲ್ಲವಾದ್ದರಿಂದ ಒಂದೆರಡು ಮೂಲ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಮೈದಾನದಲ್ಲಿ ಪ್ರತಿ ತಂಡದಿಂದ ಹನ್ನೊಂದು ಜನರಿರುತ್ತಾರೆ. ಚೆಂಡು ಯಾರ ಬಳಿ ಇದೆಯೋ ಆ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಯಾರ್ಡ್ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ. ಮುಂದೆ ಸಾಗಲು ಇರುವ ಮುಖ್ಯ ದಾರಿಗಳು ಎರಡು: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಇಲ್ಲವೇ ಅದನ್ನು ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಎದುರಾಳಿಗಳ ನಡುವೆ ನುಗ್ಗಿಸಬೇಕು.

ಓಡುವುದಷ್ಟೇ ರನ್ನಿಂಗ್ ಬ್ಯಾಕ್‌ನ ಕೆಲಸವಲ್ಲ. ಮೂರನೆಯ ಪ್ರಯತ್ನದಲ್ಲಿ ಎಂಟು ಯಾರ್ಡ್ ಬಾಕಿ ಉಳಿದಿದೆ ಎಂದುಕೊಳ್ಳಿ. ಚೆಂಡು ಎಸೆಯುವುದು ಖಚಿತವೆಂದು ಎರಡೂ ತಂಡಗಳಿಗೆ ಗೊತ್ತು. ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲೇ ನಿಂತಿರುತ್ತಾನೆ. ಎದುರಿನ ಸಾಲಿನ ಹಿಂದಿರುವ ಲೈನ್‌ಬ್ಯಾಕರ್‌ಗಳಲ್ಲಿ ಯಾರು ನುಗ್ಗಿಬರಬಹುದು, ಅವರಲ್ಲಿ ತನ್ನ ಪಾಲಿನವನು ಯಾರು ಎಂಬುದನ್ನು ಆಟ ಶುರುವಾಗುವ ಮುನ್ನವೇ ಅಂದಾಜು ಮಾಡಿರಬೇಕು. ಚೆಂಡು ಚಲಿಸಿದ ಕ್ಷಣದಲ್ಲಿ ಆ ಅಂದಾಜು ತಪ್ಪಿದ್ದರೆ ಸರಿಪಡಿಸಿಕೊಂಡು, ತನಗಿಂತ ಹತ್ತು ಹದಿನೈದು ಕಿಲೋ ಹೆಚ್ಚು ತೂಕದ, ಓಡಿಬರುತ್ತಿರುವ ಆಟಗಾರನಿಗೆ ಎದೆಯೊಡ್ಡಿ ತಡೆಯಬೇಕು. ತಡೆಯದಿದ್ದರೆ ಪೆಟ್ಟು ಬೀಳುವುದು ತಂಡದ ಅತ್ಯಂತ ಬೆಲೆಬಾಳುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ಗೆ. ಹೈಸ್ಕೂಲಿನಲ್ಲಿ ತಾನೇ ಎಲ್ಲರಿಗಿಂತ ವೇಗವಾಗಿದ್ದ ಹುಡುಗನಿಗೆ ಈ ಕೆಲಸ ಮಾಡಬೇಕಾದ ಸಂದರ್ಭವೇ ಹೆಚ್ಚಾಗಿ ಬಂದಿರುವುದಿಲ್ಲ. ಹೊಸ ಹುಡುಗರು ಎಷ್ಟೇ ಚೆನ್ನಾಗಿ ಓಡಿದರೂ ಮೊದಲ ವರ್ಷ ಬೆಂಚಿನಲ್ಲಿ ಕೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಇನ್ನೊಂದು ವಿಷಯ ದೇಹದ ಸವೆತ. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಎಸೆಯುವ ಓವರುಗಳನ್ನು ಎಣಿಸಿ ವಿಶ್ರಾಂತಿ ಕೊಡುವಂತೆ ಇಲ್ಲಿ ಒಬ್ಬನು ಎಷ್ಟು ಬಾರಿ ಚೆಂಡು ಹಿಡಿದು ಓಡಿದ ಎಂಬುದನ್ನು ಎಣಿಸುತ್ತಾರೆ, ಏಕೆಂದರೆ ಪ್ರತಿಯೊಂದು ಓಟವೂ ಸಾಮಾನ್ಯವಾಗಿ ಮೂರು ನಾಲ್ಕು ಜನರ ಅಡಿಯಲ್ಲಿ ಮುಗಿಯುತ್ತದೆ. ಬೋಯ್ಸಿ ಸ್ಟೇಟ್ ತಂಡದ ಆ್ಯಷ್ಟನ್ ಜೆಂಟಿ 2024ರಲ್ಲಿ 374 ಬಾರಿ ಓಡಿ 2,601 ಯಾರ್ಡ್ ಗಳಿಸಿದರು; 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಸ್ಥಾಪಿಸಿದ 2,628 ಯಾರ್ಡುಗಳ ದಾಖಲೆಗೆ ಅವರು ಅಷ್ಟು ಹತ್ತಿರ ಬಂದಿದ್ದರು. ಮುಂದಿನ ವಸಂತದಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಆರನೆಯವರಾಗಿ ಆಯ್ಕೆಯಾದರು. ಜೆಂಟಿಯವರದು ಅಪವಾದ. ಅಂತಹ ಹೊರೆಯನ್ನು ಒಬ್ಬನ ಮೇಲೆ ಹಾಕುವ ಧೈರ್ಯ ದೊಡ್ಡ ತಂಡಗಳಿಗೆ ಈಗ ಇಲ್ಲ, ಇರಲೂಬಾರದು. 2024ರಿಂದ ರಾಷ್ಟ್ರೀಯ ಪ್ರಶಸ್ತಿಯನ್ನು ನಿರ್ಧರಿಸುವ ಪ್ಲೇಆಫ್ ಸುತ್ತಿನಲ್ಲಿ ನಾಲ್ಕರ ಬದಲು ಹನ್ನೆರಡು ತಂಡಗಳಿವೆ; ಹಿಂದೆ ಹೆಚ್ಚೆಂದರೆ ಹದಿನೈದು ಪಂದ್ಯಗಳಿಗೆ ಮುಗಿಯುತ್ತಿದ್ದ ಋತು ಈಗ ಹದಿನಾರು, ಹದಿನೇಳು ಪಂದ್ಯಗಳವರೆಗೆ ಬೆಳೆಯುತ್ತದೆ. ಪ್ರಶಸ್ತಿಯ ಆಸೆಯಿರುವ ತಂಡಕ್ಕೆ ಜನವರಿಯ ಮೂರನೆಯ ವಾರದಲ್ಲೂ ಕಾಲು ಗಟ್ಟಿಯಿರುವ ಓಟಗಾರ ಬೇಕು.

ಅಂಥವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ 2022ರ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಆ ವರ್ಷದ ಆರಂಭದಲ್ಲಿ ಕೊಲಂಬಸ್‌ನ ಆ ತಂಡಕ್ಕೆ ಕೊರತೆಯೇ ಇರಲಿಲ್ಲ. ವರ್ಜೀನಿಯಾದ ಹೋಪ್‌ವೆಲ್‌ನಿಂದ ಐದು ನಕ್ಷತ್ರಗಳ ಹೆಸರು ಹೊತ್ತು ಬಂದ ಟ್ರೆವಿಯನ್ ಹೆಂಡರ್ಸನ್ ಹಿಂದಿನ ವರ್ಷ, ತಮ್ಮ ಮೊದಲ ಋತುವಿನಲ್ಲೇ, 1,248 ಯಾರ್ಡ್ ಓಡಿದ್ದರು. ಅವರ ಜೊತೆಗೆ ಗಟ್ಟಿಮುಟ್ಟಾದ ಮಯಾನ್ ವಿಲಿಯಮ್ಸ್, ಚುರುಕಾದ ಎವನ್ ಪ್ರಯರ್, ಹೊಸದಾಗಿ ಸೇರಿದ ಡ್ಯಾಲನ್ ಹೇಡನ್ ಇದ್ದರು. ಕಾಗದದ ಮೇಲೆ ನಾಲ್ವರು. ಪಂದ್ಯಗಳು ಶುರುವಾಗುವ ಮೊದಲೇ, ಆಗಸ್ಟ್‌ನ ಅಭ್ಯಾಸದಲ್ಲಿ ಪ್ರಯರ್ ಮೊಣಕಾಲಿಗೆ ಪೆಟ್ಟಾಗಿ ಇಡೀ ವರ್ಷ ಹೊರಗುಳಿದರು. ಹೆಂಡರ್ಸನ್ ಪಾದದ ಗಾಯದಿಂದ ಒಂದು ವಾರ ಆಡಿದರೆ ಇನ್ನೊಂದು ವಾರ ಆಡದಂತಾದರು. ನವೆಂಬರ್‌ನಲ್ಲಿ ವಿಲಿಯಮ್ಸ್ ಕೂಡ ಗಾಯಗೊಂಡರು. ಮೇರಿಲ್ಯಾಂಡ್ ವಿರುದ್ಧ ಹೊಸಬರಾದ ಹೇಡನ್ 146 ಯಾರ್ಡ್ ಓಡಿ ತಂಡವನ್ನು ದಡ ಸೇರಿಸಿದರು. ಅದರ ಮರುವಾರ ಬದ್ಧ ಎದುರಾಳಿ ಮಿಷಿಗನ್ ವಿರುದ್ಧ ನಡೆದ, ಇಡೀ ವರ್ಷದ ಅತಿ ದೊಡ್ಡ ಪಂದ್ಯದಲ್ಲಿ ತಂಡಕ್ಕಾಗಿ ಅತಿ ಹೆಚ್ಚು ಬಾರಿ ಚೆಂಡು ಹಿಡಿದು ಓಡಿದವರು ಚಿಪ್ ಟ್ರೇಯಾನಮ್. ಅವರು ಆ ವರ್ಷ ತಂಡಕ್ಕೆ ಬಂದದ್ದು ಲೈನ್‌ಬ್ಯಾಕರ್ ಆಗಿ, ಅಂದರೆ ಓಟಗಾರರನ್ನು ಹಿಡಿದು ಕೆಡವುವ ಕೆಲಸಕ್ಕೆ. ಹಿಂದೆ ಅರಿಜೋನಾ ಸ್ಟೇಟ್‌ನಲ್ಲಿ ರನ್ನಿಂಗ್ ಬ್ಯಾಕ್ ಆಗಿದ್ದ ಅನುಭವವಿದ್ದುದರಿಂದ ಅವರನ್ನು ಮತ್ತೆ ಆ ಕಡೆಗೆ ಎಳೆದು ತರಲಾಗಿತ್ತು. ಅವರು ನಿಷ್ಠೆಯಿಂದ, ಚೆನ್ನಾಗಿಯೇ ಓಡಿದರು. ಆದರೂ ತಂಡ 45-23ರಿಂದ ಸೋತಿತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ರಕ್ಷಣಾ ವಿಭಾಗ ಅಂದು ದೊಡ್ಡ ಓಟಗಳನ್ನು ಬಿಟ್ಟುಕೊಟ್ಟಿತು. ಆದರೆ ನಾಲ್ವರಿದ್ದ ಸಾಲು ಮೂರೇ ತಿಂಗಳಲ್ಲಿ ಹೀಗೆ ಬರಿದಾದದ್ದನ್ನು ಕಂಡ ಮೇಲೆ, ಹೆಸರುಗಳ ಪಟ್ಟಿ ಉದ್ದವಿದ್ದರೆ ಸಾಕು ಎನ್ನುವ ಮಾತನ್ನು ಒಪ್ಪಲಾಗುವುದಿಲ್ಲ.

ಈ ಪಟ್ಟಿ ತುಂಬುವುದು ಹೇಗೆ? ಹಳೆಯ ದಾರಿ ಹೈಸ್ಕೂಲಿನದು. ಹುಡುಗ ಹನ್ನೊಂದನೆಯ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರಿಂದ ಕಾಲೇಜು ತರಬೇತುದಾರರು ಅವನಿಗೆ ನೇರವಾಗಿ ಸಂದೇಶ ಕಳುಹಿಸಬಹುದು. ಅದಾದ ಮೇಲೆ ಕರೆಗಳು, ಕ್ಯಾಂಪಸ್ ಭೇಟಿಗಳು, ಮನೆಮಂದಿಯೊಂದಿಗೆ ಮಾತುಕತೆ ಎಲ್ಲ ನಡೆದು, ಹನ್ನೆರಡನೆಯ ತರಗತಿಯ ಡಿಸೆಂಬರ್ ಆರಂಭದಲ್ಲಿ ಬಹುತೇಕರು ಸಹಿ ಹಾಕುತ್ತಾರೆ. ಈ ಮುಂಚಿತ ಸಹಿಯ ಅವಧಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ಎಲ್ಲರೂ ಫೆಬ್ರವರಿಯವರೆಗೆ ಕಾಯಬೇಕಿತ್ತು. ಮಾತುಕತೆಯ ಭಾರವೆಲ್ಲ ಸಾಮಾನ್ಯವಾಗಿ ರನ್ನಿಂಗ್ ಬ್ಯಾಕ್‌ಗಳಿಗೆಂದೇ ಇರುವ ಸಹಾಯಕ ತರಬೇತುದಾರರ ಮೇಲಿರುತ್ತದೆ. ಹುಡುಗನ ತಾಯಿಗೆ, ಶಾಲೆಯ ತರಬೇತುದಾರನಿಗೆ, ಊರಿನ ಪಾದ್ರಿಗೆ ಪರಿಚಯವಿರುವುದು ಆ ಒಬ್ಬ ವ್ಯಕ್ತಿಯದೇ ಆದ್ದರಿಂದ, ಅವರು ಬೇರೆ ತಂಡಕ್ಕೆ ಹೋದರೆ ಎರಡು ಮೂರು ವರ್ಷಗಳ ನಂಟು ಒಂದೇ ದಿನದಲ್ಲಿ ಸಡಿಲವಾಗಬಹುದು. 2024ರ ಮಾರ್ಚ್‌ನಲ್ಲಿ ಒಹಾಯೋ ಸ್ಟೇಟ್‌ನ ಟೋನಿ ಆಲ್ಫರ್ಡ್ ಅದೇ ಮಿಷಿಗನ್ ತಂಡಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಆರೆಗನ್‌ನಿಂದ ಕಾರ್ಲೋಸ್ ಲಾಕ್ಲಿನ್ ಬಂದರು. ವಸಂತದ ಅಭ್ಯಾಸದ ನಡುವೆ ಇಂಥ ಬದಲಾವಣೆಯಾದಾಗ ಆಟಗಾರರ ಮನಸ್ಸು ಕದಲುವುದು ಸಹಜ.

ನಕ್ಷತ್ರಗಳ ವಿಷಯಕ್ಕೆ ಬರೋಣ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಮೊದಲಾದ ಸಂಸ್ಥೆಗಳು ಪ್ರತಿ ಹುಡುಗನಿಗೂ ಗರಿಷ್ಠ ಐದರವರೆಗೆ ನಕ್ಷತ್ರ ಕೊಡುತ್ತವೆ. ಈ ಅಂಕಗಳು ಒಟ್ಟಾರೆ ದಿಕ್ಕನ್ನು ಸರಿಯಾಗಿಯೇ ತೋರಿಸುತ್ತವೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲಿ ಅವು ಎಡವುವುದೂ ಉಂಟು, ಏಕೆಂದರೆ ದುರ್ಬಲ ಎದುರಾಳಿಗಳ ಮುಂದೆ ಗಳಿಸಿದ ಯಾರ್ಡುಗಳಿಂದ ಹುಡುಗನ ತಾಳ್ಮೆ, ಸಮತೋಲನ, ಪೆಟ್ಟು ತಿಂದ ಮೇಲೂ ಕಾಲಾಡಿಸುವ ಛಲ ಗೊತ್ತಾಗುವುದಿಲ್ಲ. ಅಲಬಾಮಾದ ಪೈಕ್ ರೋಡ್ ಎಂಬ ಊರಿನ ಕ್ವಿನ್‌ಶಾನ್ ಜಡ್ಕಿನ್ಸ್‌ಗೆ ಸಿಕ್ಕಿದ್ದು ಮೂರೇ ನಕ್ಷತ್ರ. ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ ಸೇರಿದ ಮೊದಲ ವರ್ಷವೇ, 2022ರಲ್ಲಿ, ಅವರು 274 ಬಾರಿ ಓಡಿ 1,567 ಯಾರ್ಡ್ ಗಳಿಸಿದರು. ಕ್ಯಾಲಿಫೋರ್ನಿಯಾದ ಕ್ಯಾಮ್ ಸ್ಕಾಟೆಬೊ ಅವರನ್ನು ಯಾವ ದೊಡ್ಡ ವಿಶ್ವವಿದ್ಯಾಲಯವೂ ಕರೆಯದಿದ್ದುದರಿಂದ ಕೆಳಹಂತದ ಸ್ಯಾಕ್ರಮೆಂಟೊ ಸ್ಟೇಟ್ ಸೇರಿ, ಅಲ್ಲಿಂದ ಅರಿಜೋನಾ ಸ್ಟೇಟ್‌ಗೆ ಹೋಗಿ, 2024ರಲ್ಲಿ 1,711 ಯಾರ್ಡ್ ಓಡಿ ಆ ತಂಡವನ್ನು ಪ್ಲೇಆಫ್‌ಗೆ ಒಯ್ದರು.

ಸ್ಕಾಟೆಬೊ ನಡೆದದ್ದು ಎರಡನೆಯ ದಾರಿಯಲ್ಲಿ. ಅದು ವರ್ಗಾವಣೆಯ ದಾರಿ, ಎಲ್ಲರೂ ಪೋರ್ಟಲ್ ಎಂದು ಕರೆಯುವ ವ್ಯವಸ್ಥೆ. 2018ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದು ಹೆಸರು ದಾಖಲಿಸುವ ಒಂದು ಪಟ್ಟಿಯಷ್ಟೇ ಆಗಿತ್ತು. ಬೇರೆ ವಿಶ್ವವಿದ್ಯಾಲಯಕ್ಕೆ ಹೋದವರು ಒಂದು ವರ್ಷ ಆಡದೆ ಕೂರಬೇಕೆಂಬ ಹಳೆಯ ನಿಯಮ ಆಗಿನ್ನೂ ಬಹುತೇಕರಿಗೆ ಅನ್ವಯಿಸುತ್ತಿತ್ತು. 2021ರಲ್ಲಿ ಮೊದಲ ವರ್ಗಾವಣೆಗೆ ಆ ಶಿಕ್ಷೆ ತಪ್ಪಿತು. 2024ರ ಏಪ್ರಿಲ್‌ನಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಬಾರಿ ಬೇಕಾದರೂ ತಂಡ ಬದಲಿಸಬಹುದು ಎಂದಾಯಿತು. ಇದರ ಜೊತೆಗೇ ಹಣವೂ ಬಂತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಬಳಸಿ ಸಂಪಾದಿಸಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಹೂಡಿದ್ದ ಹೌಸ್ ಎಂಬ ಪ್ರಕರಣದ ಇತ್ಯರ್ಥದಂತೆ ವಿಶ್ವವಿದ್ಯಾಲಯಗಳೇ ತಮ್ಮ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅದೇ ಇತ್ಯರ್ಥವು ಫುಟ್‌ಬಾಲ್‌ಗಿದ್ದ 85 ವಿದ್ಯಾರ್ಥಿವೇತನಗಳ ಮಿತಿಯನ್ನು ತೆಗೆದು, ತಂಡದಲ್ಲಿ ಒಟ್ಟು 105 ಜನರಷ್ಟೇ ಇರಬೇಕೆಂಬ ಮಿತಿಯನ್ನು ತಂದಿತು.

ಈ ಬದಲಾವಣೆಗಳು ಎಲ್ಲ ಸ್ಥಾನಗಳನ್ನೂ ಮುಟ್ಟಿದರೂ ರನ್ನಿಂಗ್ ಬ್ಯಾಕ್‌ಗಳ ಮೂರನೆಯ ಸ್ಥಾನವನ್ನು ಅಲುಗಾಡಿಸಿದಷ್ಟು ಇನ್ನಾವುದನ್ನೂ ಅಲುಗಾಡಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಮ್ಮೆಗೆ ಮೈದಾನದಲ್ಲಿರುವುದು ಬಹುತೇಕ ಒಬ್ಬನೇ ರನ್ನಿಂಗ್ ಬ್ಯಾಕ್. ಇಬ್ಬರು ಸರದಿಯಲ್ಲಿ ಆಡಿದರೆ ಮೂರನೆಯವನಿಗೆ ಉಳಿಯುವುದು ಗೆಲುವು ಖಚಿತವಾದ ಮೇಲಿನ ಕೆಲವು ನಿಮಿಷಗಳು. ಹಿಂದೆ ಅವನು ಕಾಯುತ್ತಿದ್ದ, ಏಕೆಂದರೆ ಹೊರಟುಹೋದರೆ ಒಂದು ವರ್ಷ ನಷ್ಟ. ಈಗ ಇನ್ನೊಂದು ಒಳ್ಳೆಯ ತಂಡ ಅವನಿಗೆ ಮೊದಲ ಸ್ಥಾನವನ್ನೂ ಹೆಚ್ಚಿನ ಹಣವನ್ನೂ ಕೊಡಲು ಸಿದ್ಧವಿದೆ. ಮಿಝೋರಿಯಲ್ಲಿ ಹಿಂದಿನ ಸಾಲಿನಲ್ಲಿದ್ದ ಕೀವಾನ್ ಲೇಸಿ 2025ರಲ್ಲಿ ಓಲ್ ಮಿಸ್‌ಗೆ ಹೋಗಿ ಆ ತಂಡದ ಮುಖ್ಯ ಓಟಗಾರರಾದದ್ದನ್ನು ಪ್ರತಿ ತಂಡದ ಮೂರನೆಯ ಹುಡುಗನೂ ನೋಡಿದ್ದಾನೆ. ಅವನು ಹೊರಡಲು ಬಯಸಿದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಓಟಗಾರನ ದೇಹ ಬೇಗ ಸವೆಯುತ್ತದೆ, ಎನ್‌ಎಫ್‌ಎಲ್ ತಂಡಗಳು ಈ ಸ್ಥಾನಕ್ಕೆ ದೊಡ್ಡ ಬೆಲೆ ಕೊಡಲು ಹಿಂಜರಿಯುತ್ತವೆ. 2013, 2014, 2022 ಮತ್ತು 2024ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್ ಆಯ್ಕೆಯಾಗಲಿಲ್ಲ. ಆಡುವ ವಯಸ್ಸಿನಲ್ಲಿ ಎರಡು ವರ್ಷ ಬೆಂಚಿನಲ್ಲಿ ಕಳೆಯುವುದು ಅವನ ಪಾಲಿಗೆ ನಿಜವಾದ ನಷ್ಟ.

ಒಹಾಯೋ ಸ್ಟೇಟ್ ಮುಂದೇನು ಮಾಡಿತು ಎಂಬುದು ಇಲ್ಲಿ ತಿಳಿಯಬೇಕಾದ ಸಂಗತಿ. 2023ರ ಋತು ಮುಗಿದಾಗ ವಿಲಿಯಮ್ಸ್ ಡ್ರಾಫ್ಟ್‌ಗೆ, ಟ್ರೇಯಾನಮ್ ಕೆಂಟಕಿಗೆ, ಪ್ರಯರ್ ಸಿನ್ಸಿನಾಟಿಗೆ ಹೊರಟರು. ಹೆಂಡರ್ಸನ್ ವೃತ್ತಿಪರರಾಗುವ ಅವಕಾಶವಿದ್ದರೂ ಇನ್ನೊಂದು ವರ್ಷ ಉಳಿಯಲು ನಿರ್ಧರಿಸಿದರು. 2024ರ ಜನವರಿಯಲ್ಲಿ ಓಲ್ ಮಿಸ್‌ನಿಂದ ಜಡ್ಕಿನ್ಸ್ ಬಂದರು. ಇಬ್ಬರೂ ಬೇರೆಡೆ ಏಕೈಕ ನಾಯಕರಾಗಿ ಮೆರೆಯಬಹುದಾಗಿದ್ದವರು. ಅವರು ಒಂದೇ ತಂಡದಲ್ಲಿ ಚೆಂಡನ್ನು ಹಂಚಿಕೊಳ್ಳಲು ಒಪ್ಪಿದ್ದರ ಫಲವನ್ನು ಅಂಕಿಗಳೇ ಹೇಳುತ್ತವೆ: ಜಡ್ಕಿನ್ಸ್ 194 ಓಟಗಳಲ್ಲಿ 1,060 ಯಾರ್ಡ್, ಹೆಂಡರ್ಸನ್ 144 ಓಟಗಳಲ್ಲಿ 1,016 ಯಾರ್ಡ್. ಓಲ್ ಮಿಸ್‌ನಲ್ಲಿ ಪಂದ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಓಡುತ್ತಿದ್ದ ಜಡ್ಕಿನ್ಸ್ ಇಲ್ಲಿ ಓಡಿದ್ದು ಸರಾಸರಿ ಹನ್ನೆರಡು ಬಾರಿ. ಹೀಗೆ ಉಳಿದ ಶಕ್ತಿ ಜನವರಿಯಲ್ಲಿ ಕಾಣಿಸಿತು. ಟೆಕ್ಸಸ್ ವಿರುದ್ಧದ ಸೆಮಿಫೈನಲ್‌ನ ಮೊದಲಾರ್ಧದ ಕೊನೆಯ ಅರ್ಧ ನಿಮಿಷದಲ್ಲಿ ಹೆಂಡರ್ಸನ್ ಒಂದು ಗಿಡ್ಡ ಪಾಸ್ ಹಿಡಿದು 75 ಯಾರ್ಡ್ ಓಡಿ ಅಂಕ ಗಳಿಸಿದರು. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ವಿರುದ್ಧದ ಫೈನಲ್‌ನಲ್ಲಿ ಜಡ್ಕಿನ್ಸ್ ಬರೀ 11 ಓಟಗಳಲ್ಲಿ 100 ಯಾರ್ಡ್ ಗಳಿಸಿದರು. ಅದರಲ್ಲಿ ಒಂದೇ ಓಟ 70 ಯಾರ್ಡಿನದು. ಅದು ತಂಡದ ಹದಿನಾರನೆಯ ಪಂದ್ಯ. ತಂಡ 34-23ರಿಂದ ಗೆದ್ದಿತು. ಆ ವಸಂತದ ಡ್ರಾಫ್ಟ್‌ನಲ್ಲಿ ಇಬ್ಬರೂ ಎರಡನೆಯ ಸುತ್ತಿನಲ್ಲಿ, 36 ಮತ್ತು 38ನೆಯವರಾಗಿ ಆಯ್ಕೆಯಾದರು. ಹಂಚಿಕೊಂಡು ಆಡಿದ್ದರಿಂದ ಬೆಲೆ ಕುಸಿಯಲಿಲ್ಲ ಎಂಬುದನ್ನು ಇಂದಿನ ತರಬೇತುದಾರರು ಹುಡುಗರ ಮನೆಗಳಲ್ಲಿ ಕುಳಿತು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಆದರೆ ಆ ಯಶಸ್ಸಿನೊಳಗೆ ಒಂದು ಅಪಾಯವೂ ಅಡಗಿತ್ತು, ಅದನ್ನು ಗೆಲುವಿನ ಸಂಭ್ರಮದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. 2024ರ ವಸಂತದ ಅಭ್ಯಾಸ ಮುಗಿದ ಕೂಡಲೇ ಮೂರನೆಯವರಾದ ಹೇಡನ್ ಕೊಲರಾಡೊಗೆ ಹೊರಟುಹೋದರು. ಉಳಿದ ಹೊಸಬರಲ್ಲಿ ಜೇಮ್ಸ್ ಪೀಪಲ್ಸ್ ಆಗಷ್ಟೇ ಹೈಸ್ಕೂಲು ಮುಗಿಸಿ ಬಂದವರು. ಹೆಂಡರ್ಸನ್ ಅಥವಾ ಜಡ್ಕಿನ್ಸ್ ಇಬ್ಬರಲ್ಲೊಬ್ಬರು ಅಕ್ಟೋಬರ್‌ನಲ್ಲಿ ಗಾಯಗೊಂಡಿದ್ದರೆ 2022ರ ಕಥೆ ಮರುಕಳಿಸುತ್ತಿತ್ತು. ಅವರು ಗಾಯಗೊಳ್ಳದಿದ್ದುದು ಯೋಜನೆಯ ಫಲವಷ್ಟೇ ಅಲ್ಲ, ಅದೃಷ್ಟವೂ ಹೌದು. ಅದೇ ವರ್ಷ ಟೆಕ್ಸಸ್ ತಂಡಕ್ಕೆ ಆ ಅದೃಷ್ಟವಿರಲಿಲ್ಲ. ಆಗಸ್ಟ್‌ನಲ್ಲೇ ಅವರ ಸಿ.ಜೆ. ಬ್ಯಾಕ್ಸ್ಟರ್ ಮತ್ತು ಕ್ರಿಶ್ಚಿಯನ್ ಕ್ಲಾರ್ಕ್ ಇಬ್ಬರೂ ಇಡೀ ಋತುವಿಗೆ ಹೊರಬಿದ್ದರು. ಆಗ ಹಿಂದಿನ ವರ್ಷ ಅಪರೂಪಕ್ಕೆ ಚೆಂಡು ಮುಟ್ಟಿದ್ದ ಕ್ವಿಂಟ್ರೆವಿಯನ್ ವಿಸ್ನರ್ ಮುಂದೆ ಬಂದು ಸಾವಿರ ಯಾರ್ಡ್ ದಾಟಿದರು, ತಂಡ ಸೆಮಿಫೈನಲ್‌ವರೆಗೆ ಹೋಯಿತು. ವಿಸ್ನರ್ ಅದಕ್ಕೂ ಮುನ್ನ ತಮಗೆ ಅವಕಾಶ ಸಿಗುತ್ತಿಲ್ಲವೆಂದು ಬೇರೆಡೆಗೆ ಹೋಗಿದ್ದರೆ ಆ ಋತುವಿನ ಗತಿಯೇ ಬೇರೆಯಾಗುತ್ತಿತ್ತು.

ಓಟಗಾರರಿದ್ದರೆ ತಂಡ ಗೆದ್ದಂತೆ ಎಂದು ಮಾತ್ರ ಯಾರೂ ತಿಳಿಯಬಾರದು. ಪೆನ್ ಸ್ಟೇಟ್‌ನ ಕೇಟ್ರಾನ್ ಆ್ಯಲನ್ ಮತ್ತು ನಿಕೊಲಸ್ ಸಿಂಗಲ್ಟನ್ 2022ರಲ್ಲಿ ಒಟ್ಟಿಗೆ ಬಂದು, 2024ರಲ್ಲಿ ಇಬ್ಬರೂ ಸಾವಿರ ಯಾರ್ಡ್ ದಾಟಿ, 2025ಕ್ಕೂ ಉಳಿದುಕೊಂಡರು. ಅಷ್ಟು ಅನುಭವಿ ಜೋಡಿ ದೇಶದಲ್ಲಿ ಇನ್ನೊಂದಿರಲಿಲ್ಲ ಎನ್ನಬಹುದು. ಆದರೂ ಸತತ ಮೂರು ಸೋಲುಗಳ ನಂತರ ಅಕ್ಟೋಬರ್‌ನಲ್ಲಿ ಮುಖ್ಯ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಅವರನ್ನೇ ತಂಡ ಕೈಬಿಟ್ಟಿತು. ಅದೇ ವರ್ಷ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಇಂಡಿಯಾನಾದ ಇಬ್ಬರು ಮುಖ್ಯ ಓಟಗಾರರಾದ ರೋಮನ್ ಹೆಂಬಿ ಮತ್ತು ಕೇಲನ್ ಬ್ಲ್ಯಾಕ್ ಬೇರೆ ವಿಶ್ವವಿದ್ಯಾಲಯಗಳಿಂದ ವರ್ಗವಾಗಿ ಬಂದವರು, ಹೈಸ್ಕೂಲು ಶ್ರೇಯಾಂಕಗಳಲ್ಲಿ ಮೇಲಿದ್ದವರಲ್ಲ.

ಮುಂದಿನ ಋತುವಿಗೆ ಒಂದು ತಂಡದ ಸಿದ್ಧತೆಯನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ವಯಸ್ಸಿನ ಅಂತರವನ್ನು. ಆಟಗಾರನಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತುಗಳನ್ನು ಆಡುವ ಅವಕಾಶವಿದೆ; 2018ರ ನಿಯಮದಂತೆ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಜಾಣ ತರಬೇತುದಾರರು ಹೊಸ ಹುಡುಗನನ್ನು ಆಯ್ದ ಮೂರು ನಾಲ್ಕು ಪಂದ್ಯಗಳಲ್ಲಿ ಇಳಿಸಿ, ಕಲಿಸಿ, ವರ್ಷವನ್ನು ಉಳಿಸಿಡುತ್ತಾರೆ. ಇನ್ನೊಂದು ಬದಿಯಲ್ಲಿ, ಹೈಸ್ಕೂಲು ಮುಗಿಸಿ ಮೂರು ವರ್ಷವಾಗದೆ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹೆಂಡರ್ಸನ್ ಮತ್ತು ಜಡ್ಕಿನ್ಸ್ ಒಟ್ಟಿಗೇ ಹೋದ ಮೇಲೆ ಒಹಾಯೋ ಸ್ಟೇಟ್ 2025ಕ್ಕೆ ಪೀಪಲ್ಸ್ ಜೊತೆಗೆ ವೆಸ್ಟ್ ವರ್ಜೀನಿಯಾದಿಂದ ಅನುಭವಿ ಸಿ.ಜೆ. ಡೊನಾಲ್ಡ್‌ಸನ್ ಅವರನ್ನು ತಂದುಕೊಂಡಿತು. ಆದರೆ ಋತು ಸಾಗಿದಂತೆ ಮುಂದೆ ಬಂದವರು ಕ್ಲೀವ್‌ಲ್ಯಾಂಡ್‌ನ ಹೊಸ ಹುಡುಗ ಬೋ ಜಾಕ್ಸನ್. 1985ರಲ್ಲಿ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಆಬರ್ನ್‌ನ ಬೋ ಜಾಕ್ಸನ್ ಅವರಿಗೂ ಇವರಿಗೂ ಹೆಸರೊಂದೇ ಸಮಾನ. 2025ರ ತಂಡಕ್ಕೆ ಸೇರಿದ ಅವರು 2028ರ ಡ್ರಾಫ್ಟ್‌ಗೆ ಮೊದಲು ವೃತ್ತಿಪರರಾಗುವಂತಿಲ್ಲ.

ಎರಡನೆಯದಾಗಿ ನೋಡುವುದು ಕ್ಯಾಲೆಂಡರನ್ನು. 2026ರಿಂದ ಪೋರ್ಟಲ್ ತೆರೆಯುವುದು ಜನವರಿ 2ರಿಂದ 16ರವರೆಗೆ ಮಾತ್ರ. ಏಪ್ರಿಲ್‌ನ ಎರಡನೆಯ ಅವಧಿಯನ್ನು ರದ್ದುಪಡಿಸಲಾಗಿದೆ. ಮುಖ್ಯ ತರಬೇತುದಾರರು ಬದಲಾದ ತಂಡಗಳ ಆಟಗಾರರಿಗೆ ಪ್ರತ್ಯೇಕ ಅವಕಾಶವಿದೆ. ಇದರ ಪರಿಣಾಮ ಎರಡು ಬಗೆಯದು. ಹೇಡನ್ ಹೊರಟಂತೆ ವಸಂತದ ಅಭ್ಯಾಸ ಮುಗಿದ ಮೇಲೆ ಮೂರನೆಯವನು ಹೊರಡುವುದು ಈಗ ಕಷ್ಟ, ಆದ್ದರಿಂದ ಜನವರಿಯ ಕೊನೆಯಲ್ಲಿ ಉಳಿದವರು ಬಹುಮಟ್ಟಿಗೆ ಆಗಸ್ಟ್‌ನಲ್ಲೂ ಇರುತ್ತಾರೆ. ಆದರೆ ವಸಂತದ ಅಭ್ಯಾಸದಲ್ಲಿ ಯಾರದಾದರೂ ಮೊಣಕಾಲು ಮುರಿದರೆ ಬದಲಿಗೆ ಒಬ್ಬರನ್ನು ತರುವ ದಾರಿಯೂ ಮುಚ್ಚಿದೆ. ಮಾರ್ಚ್‌ನಲ್ಲಿ ಗಾಯವಾದರೆ, ಆಗಲೇ ಪಟ್ಟಿಯಲ್ಲಿರುವವರಲ್ಲೇ ಒಬ್ಬರು ಮೇಲೇರಬೇಕು. ಹಾಗಾಗಿ 105 ಜನರ ಮಿತಿಯೊಳಗೆ ಐವರು ಓಟಗಾರರನ್ನು ಇಟ್ಟುಕೊಳ್ಳುವುದೋ ಆರು ಮಂದಿಯನ್ನೋ, ಆರನೆಯವನ ಜಾಗದಲ್ಲಿ ಹಿಂದೆ ಚೆಂಡು ಹೊತ್ತ ಅನುಭವವಿರುವ ಬೇರೆ ಸ್ಥಾನದ ಆಟಗಾರನೊಬ್ಬ ಸಾಕೋ ಎಂಬುದನ್ನು ತರಬೇತುದಾರರು ಜನವರಿ 16ಕ್ಕೆ ಮೊದಲೇ ತೀರ್ಮಾನಿಸಬೇಕಾಗಿದೆ.